ನಡುವೆ ಹೋಗುವವನ ಕೈಗೆ ಕೀಲಿಕೈ

ಮೇ ತಿಂಗಳು ಬಂತೆಂದರೆ ಗೋವಾದಲ್ಲಿ ಮನೆ ಕಟ್ಟಿಸುವವರಿಗೆ ಅವಸರ ಹತ್ತುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುವುದರೊಳಗೆ ಸ್ಲ್ಯಾಬ್ ಬಿದ್ದಿರಬೇಕು. ಬೆಳಕು ಹರಿಯುವ ಹೊತ್ತಿಗೇ ಮಾಪುಸಾ, ಪರ್ವರಿ, ಮಡಗಾಂವ್ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆಯೋ ಪಿಕಪ್ ಗಾಡಿಯ ಹಿಂದೆಯೋ ಕಾಂಕ್ರೀಟ್ ಮಿಕ್ಸರ್ ಗಡಗಡ ಸದ್ದು ಮಾಡುತ್ತ ಹೊರಟಿರುತ್ತದೆ. ಸಲಿಕೆ, ಬುಟ್ಟಿ, ಬುತ್ತಿಗಂಟು ಹಿಡಿದು ಕುಳಿತವರಲ್ಲಿ ಬಹಳ ಜನ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು. ಇತ್ತ ವಾಸ್ಕೋದಲ್ಲಿ, ಮುರ್ಗಾಂವ್ ಬಂದರಿನ ಸುತ್ತ, ಖಾನಾಪುರ ದಾಟಿ ಅನಮೋಡ ಘಾಟಿನಿಂದ ಇಳಿದು ಬಂದ ಉದ್ದುದ್ದ ಟ್ರೇಲರ್ ಗಾಡಿಗಳು ನಿಂತಿರುತ್ತವೆ. ಅವನ್ನು ಓಡಿಸುವವರಲ್ಲೂ ನಮ್ಮವರಿದ್ದಾರೆ.

ಮಿಕ್ಸರ್ ಇರಲಿ, ನೀರಿನ ಟ್ಯಾಂಕರ್ ಇರಲಿ, ಕಂಟೇನರ್ ಹೊತ್ತ ಟ್ರೇಲರ್ ಇರಲಿ, ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ನಡುವೆ ಮೂರು ನಾಲ್ಕು ಅಡಿಯ ಒಂದು ಜಾಗ ಇದ್ದೇ ಇರುತ್ತದೆ. ಕೊಂಡಿ ಹಾಕಲು, ಕಳಚಲು ಯಾರಾದರೂ ಅಲ್ಲಿಗೆ ಹೋಗಲೇಬೇಕು. ಹಾಗೆ ಹೋಗುವವನು ಸಾಮಾನ್ಯವಾಗಿ ಊರಿಂದ ಹೊಸದಾಗಿ ಬಂದ ಕ್ಲೀನರ್ ಹುಡುಗ, ಇಲ್ಲವೇ ಆ ದಿನದ ಕೂಲಿಗೆ ಸೇರಿದ ಆಳು. ಈ ಕೆಲಸವನ್ನು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ‘ಅಣ್ಣಾ, ಒಂದೀಟು ತಡೀರಿ’ ಎಂದು ಚಾಲಕನಿಗೆ ಹೇಳುವ ಧೈರ್ಯವೂ ಅವನಿಗಿರುವುದಿಲ್ಲ. ವಾಸ್ಕೋದ ಗಾಡಿ ಯಾರ್ಡುಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಇಂದು ಆ ಹುಡುಗನ ಪರವಾಗಿ ಮಾತಾಡಬೇಕೆಂದು ನಿಮ್ಮ ಮುಂದೆ ಬಂದಿದ್ದೇನೆ.

ಮೊದಲು ಮಿಕ್ಸರ್ ವಿಷಯ ತೆಗೆದುಕೊಳ್ಳೋಣ. ಸ್ಲ್ಯಾಬ್ ಕೆಲಸಕ್ಕೆ ಒಯ್ಯುವ ದೊಡ್ಡ ಮಿಕ್ಸರ್ ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. ಅದಕ್ಕೆ ತನ್ನದೇ ಆದ ಬ್ರೇಕ್ ಇರುವುದು ಅಪರೂಪ. ಕೊಂಡಿಯ ಪಿನ್ನು ಹೊರಬಂದ ಕ್ಷಣದಿಂದ ಅದನ್ನು ಹಿಡಿದಿಡಲು ಸಮತಟ್ಟಾದ ನೆಲ ಬಿಟ್ಟರೆ ಬೇರೇನೂ ಇಲ್ಲ. ಗೋವಾದಲ್ಲಿ ಸಮತಟ್ಟು ನೆಲ ಹುಡುಕಬೇಕು. ಪರ್ವರಿಯ ಏರು, ದೋನಾಪಾವ್ಲಾದ ಇಳಿಜಾರು, ವಾಸ್ಕೋದ ಗುಡ್ಡದ ಓಣಿಗಳು, ಎಲ್ಲಿ ನೋಡಿದರೂ ಮನೆಯ ಮುಂದಿನ ದಾರಿ ಒಂದು ಕಡೆಗೆ ಬಾಗಿರುತ್ತದೆ. ಕಣ್ಣಿಗೆ ಅದು ಇಳಿಜಾರು ಅನಿಸುವುದಿಲ್ಲ, ಆದರೆ ಮಿಕ್ಸರಿನ ಗಾಲಿಗೆ ಗೊತ್ತಾಗುತ್ತದೆ.

ನಮ್ಮ ಊರುಗಳಲ್ಲಿ ಹೇರು ತುಂಬಿದ ಚಕ್ಕಡಿಯ ಎತ್ತು ಬಿಡುವಾಗ ಹಿರಿಯರು ಮೊದಲು ಗಾಲಿಗೆ ಕಲ್ಲು ಕೊಡುತ್ತಿದ್ದರು, ಆಮೇಲೆ ನೊಗದ ಕೆಳಗೆ ಊರೆಗೋಲು ನಿಲ್ಲಿಸುತ್ತಿದ್ದರು, ಅದಾದ ಮೇಲೇ ಜತ್ತಿಗೆಗೆ ಕೈ ಹಾಕುತ್ತಿದ್ದರು. ಮಿಕ್ಸರಿಗೂ ಕ್ರಮ ಅದೇ. ಪಿನ್ನು ಮುಟ್ಟುವ ಮೊದಲು ಗಾಲಿಗಳಿಗೆ ಅಡೆ ಬೀಳಬೇಕು, ಅದೂ ಗಾಲಿಯ ಎರಡೂ ಬದಿಗೆ. ದುಂಡು ಕಲ್ಲು, ಒಡೆದ ಇಟ್ಟಿಗೆ ಇದಕ್ಕೆ ಬಾರದು. ಇಟ್ಟಿಗೆ ಪುಡಿಯಾಗುತ್ತದೆ, ದುಂಡು ಕಲ್ಲು ಉರುಳುತ್ತದೆ. ಒಂದು ಬದಿ ಓರೆಯಾಗಿ ಕೊಯ್ದ ಗಟ್ಟಿ ಮರದ ತುಂಡುಗಳನ್ನು ನಾಲ್ಕು ಮಾಡಿಸಿ ಮಿಕ್ಸರಿಗೇ ಸರಪಣಿಯಿಂದ ಕಟ್ಟಿಟ್ಟರೆ ಅವು ಕಳೆದುಹೋಗುವುದಿಲ್ಲ. ಕೋಲಾಡದಿಂದ ವೆರ್ಣಾಕ್ಕೆ ಕೊಂಕಣ ರೈಲ್ವೆಯ ರೋ-ರೋ ಗಾಡಿಯಲ್ಲಿ ಲಾರಿ ಸಮೇತ ಬಂದ ಚಾಲಕರಿಗೆ ಇದು ಹೊಸದಲ್ಲ. 1999ರ ಜನವರಿ 26ರಿಂದ ನಡೆಯುತ್ತಿರುವ ಆ ಸೇವೆಯಲ್ಲಿ ಲಾರಿ ವ್ಯಾಗನ್ ಹತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಗಾಲಿಗೆ ಅಡೆ ಕೊಡದೆ ಗಾಡಿ ಬಿಡುವುದಿಲ್ಲ.

ಈಗ ಪಿನ್ನನ್ನು ಹತ್ತಿರದಿಂದ ನೋಡಿ. ಬಹಳ ಸೈಟುಗಳಲ್ಲಿ ಮೂಕಿಯ, ಅಂದರೆ ಎಳೆಯುವ ಗಾಡಿಗೆ ಸೇರುವ ಮುಂದಿನ ದಂಡದ, ತೂತಿನಲ್ಲಿ ಇರುವುದು ಪಿನ್ನೇ ಅಲ್ಲ, ಸ್ಲ್ಯಾಬಿಗೆ ಕಟ್ಟಿ ಉಳಿದ 16 ಎಂಎಂ ಸರಳಿನ ತುಂಡು. ಮೇಲ್ತುದಿಯನ್ನು ಬಡಿದು ಬಗ್ಗಿಸಿರುತ್ತಾರೆ, ಕೆಳತುದಿಗೆ ಬೈಂಡಿಂಗ್ ತಂತಿ ಸುತ್ತಿರುತ್ತಾರೆ. ತೂತು ದೊಡ್ಡದು, ಸರಳು ಸಣ್ಣದು. ಮುಂದಿನ ಗಾಡಿ ಬ್ರೇಕ್ ಹಾಕಿದಾಗಲೆಲ್ಲ ಮಿಕ್ಸರ್ ಮುಂದೆ ನುಗ್ಗಿ ಸರಳಿಗೆ ಗುದ್ದುತ್ತದೆ, ಹೊರಟಾಗಲೆಲ್ಲ ಹಿಂದಕ್ಕೆ ಜಗ್ಗುತ್ತದೆ. ತಂತಿ ಸವೆಯುತ್ತದೆ, ಸರಳು ಒಂದೊಂದೇ ಇಂಚು ಮೇಲಕ್ಕೆ ಏಳುತ್ತದೆ. ಉಬ್ಬು ಬಂದ ಕಡೆ ಹಾರಿ ಬೀಳುತ್ತದೆ. ಹಿಂದೆ ಸ್ಕೂಟರಿನಲ್ಲಿ ಬರುವ ಹೆಣ್ಣುಮಗಳಿಗೆ ಇದೆಲ್ಲ ಏನು ಗೊತ್ತು? ತೂತಿನ ಅಳತೆಗೆ ಸರಿಯಾದ ಉಕ್ಕಿನ ಪಿನ್ನು, ಅದರ ಕೆಳತುದಿಯ ರಂಧ್ರಕ್ಕೆ ಬಳೆಯ ಹಾಗೆ ಮಡಚಿ ಬೀಳುವ ಲಾಕ್ ಪಿನ್ನು, ಎರಡೂ ಟ್ರ್ಯಾಕ್ಟರ್ ಸಾಮಾನಿನ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಸ್ಲ್ಯಾಬಿನ ಒಟ್ಟು ಖರ್ಚಿನಲ್ಲಿ ಅದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಎರಡು ಸರಪಣಿ ಬೇಕು. ಅವನ್ನು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಮುಂದಿನ ಗಾಡಿಗೆ ಸಿಕ್ಕಿಸಿದರೆ, ಪಿನ್ನು ಕೈಕೊಟ್ಟರೂ ಮೂಕಿ ರಸ್ತೆಗೆ ಚುಚ್ಚದೆ ಸರಪಣಿಗಳ ಮೇಲೆ ಕೂರುತ್ತದೆ. ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ಪಿನ್ನು ಹಾಕುವ ಹೊತ್ತಿನಲ್ಲಿ ಬೆರಳು ಹೋಗುವ ಬಗೆ ಒಂದೇ. ಗಾಡಿ ಹಿಂದೆ ಬರುತ್ತಿರುತ್ತದೆ, ಹುಡುಗ ಮೂಕಿಯನ್ನು ಎತ್ತಿ ಹಿಡಿದಿರುತ್ತಾನೆ. ‘ಬರ್ಲಿ, ಬರ್ಲಿ’ ಎಂದು ಕೂಗುತ್ತಲೇ ಎರಡು ತೂತು ಒಂದಕ್ಕೊಂದು ಸರಿ ಕೂತಿವೆಯೇ ಎಂದು ಬೆರಳು ಹಾಕಿ ನೋಡುತ್ತಾನೆ. ಆಗ ಗಾಡಿ ಅರ್ಧ ಇಂಚು ಸರಿದರೂ ಸಾಕು. ಬೈನಾ, ಜುವಾರಿನಗರದ ನಮ್ಮ ಜನರ ನಡುವೆ ಓಡಾಡಿದರೆ ತೋರುಬೆರಳಿನ ತುದಿ ಇಲ್ಲದ ಕೈಗಳು ಕಣ್ಣಿಗೆ ಬೀಳುತ್ತವೆ. ತೂತಿಗೆ ಬೆರಳು ಹಾಕಬಾರದು, ಒಂದು ಗೇಣು ಉದ್ದದ ಸರಳು ಹಾಕಿ ನೋಡಬೇಕು. ಸ್ಲ್ಯಾಬಿನಲ್ಲಿ ಉಳಿದ ಆ ಸರಳಿನ ತುಂಡಿಗೆ ಇದು ತಕ್ಕ ಕೆಲಸ.

ಎರಡು ಗಾಲಿಯ ಮಿಕ್ಸರ್, ನೀರಿನ ಟ್ಯಾಂಕರ್, ಜನರೇಟರ್ ಗಾಡಿ ಇವುಗಳಲ್ಲಿ ಇನ್ನೊಂದು ಅಪಾಯ ಉಂಟು. ಭಾರ ಮುಂದಕ್ಕೆ ವಾಲಿದ್ದರೆ ಪಿನ್ನು ತೆಗೆದಾಗ ಮೂಕಿ ಧೊಪ್ಪೆಂದು ಕಾಲಿನ ಮೇಲೆ ಬೀಳುತ್ತದೆ. ಭಾರ ಹಿಂದಕ್ಕೆ ವಾಲಿದ್ದರೆ ಮೂಕಿ ಮೇಲಕ್ಕೆ ಚಿಮ್ಮಿ ಬಗ್ಗಿ ನಿಂತವನ ಗದ್ದಕ್ಕೆ ಬಡಿಯುತ್ತದೆ. ಟ್ರ್ಯಾಕ್ಟರ್ ಟ್ರೇಲರಿನಿಂದ ಮರಳನ್ನೋ ಜಂಬಿಟ್ಟಿಗೆ ಕಲ್ಲನ್ನೋ ಅರ್ಧ ಇಳಿಸಿ ನಡುವೆ ಟ್ರ್ಯಾಕ್ಟರ್ ಬಿಡಿಸಲು ಹೋದವರಿಗೆ ಇದರ ಅನುಭವ ಇರುತ್ತದೆ. ಮುಂದಿನ ಕಲ್ಲುಗಳನ್ನೆಲ್ಲ ಮೊದಲು ಇಳಿಸಿದರೆ ಹಿಂದಿನ ಭಾರವೇ ಉಳಿಯುತ್ತದೆ. ಅದಕ್ಕೇ ಪಿನ್ನು ತೆಗೆಯುವ ಮುಂಚೆ ಮೂಕಿಯ ಕೆಳಗೆ ಜಾಕ್ ಕೊಟ್ಟು, ಒಮ್ಮೆ ಮೇಲೆ ಕೆಳಗೆ ಅಲುಗಿಸಿ, ಭಾರ ಎತ್ತ ಇದೆ ನೋಡಬೇಕು. ಪಿನ್ನು ಸರಾಗ ಬರದಿದ್ದರೆ ಅದರ ಮೇಲೆ ಇನ್ನೂ ಭಾರ ಇದೆಯೆಂದು ಅರ್ಥ. ಸುತ್ತಿಗೆಯಿಂದ ಬಡಿದು ಹೊರಡಿಸುವುದು ಆಗ ಮಾಡಬಾರದ ಕೆಲಸ. ಜಾಕನ್ನು ಸ್ವಲ್ಪ ಏರಿಸಿ, ಇಲ್ಲವೇ ಚಾಲಕನಿಗೆ ಹೇಳಿ ಗಾಡಿಯನ್ನು ಒಂದೆರಡು ಇಂಚು ಹಿಂದೆ ತೆಗೆಸಿ. ತೆಗೆಸುವ ಮೊದಲು ನೀವು ಹೊರಗೆ ಬಂದಿರಬೇಕು.

ಈ ಕೊನೆಯ ಮಾತೇ ನನ್ನ ಮುಖ್ಯ ಮಾತು. ಗಾಡಿ ಅಲುಗುವಾಗ ನಡುವೆ ಯಾರೂ ಇರಬಾರದು, ನಡುವೆ ಯಾರಾದರೂ ಇರುವಾಗ ಗಾಡಿ ಅಲುಗಬಾರದು. ಹೇಳಲು ಇಷ್ಟೇ, ಆದರೆ ನಡೆಸುವುದು ಬಾಯಿಮಾತಿನಿಂದ ಆಗುವುದಿಲ್ಲ. ಎಂಜಿನ್ ಸದ್ದಿನಲ್ಲಿ ‘ಹೋಲ್ಡಾನ್’ ಎಂದದ್ದು ‘ರೈಟ್’ ಎಂದು ಕೇಳಿಸಿದ್ದಿದೆ. ಇಬ್ಬರು ಮೂವರು ಒಟ್ಟಿಗೆ ಕೈ ಬೀಸಿ ಚಾಲಕನ ತಲೆ ಕೆಡಿಸಿದ್ದೂ ಇದೆ. ನಾನು ಕೆಲಸ ಮಾಡಿದ ಒಂದು ಯಾರ್ಡಿನಲ್ಲಿ ಹಿರಿಯ ಚಾಲಕರೊಬ್ಬರು ತಮ್ಮ ಪಾಡಿಗೆ ಒಂದು ರೂಢಿ ಇಟ್ಟುಕೊಂಡಿದ್ದರು. ಗಾಡಿ ಹಿಂದೆ ತಂದು ಒಂದು ಗೇಣು ದೂರದಲ್ಲಿ ನಿಲ್ಲಿಸುವರು, ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸುವರು, ಕೀಲಿಕೈ ತೆಗೆದು ಕ್ಲೀನರನ ಕೈಗೆ ಕೊಡುವರು. ‘ತಮ್ಮಾ, ಹೋಗು ಈಗ’ ಎನ್ನುವರು. ಹುಡುಗ ಒಳಗೆ ಹೋಗಿ ಕೆಲಸ ಮುಗಿಸಿ, ಹೊರಗೆ ಬಂದು, ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು ಕೀಲಿಕೈ ಮರಳಿ ಕೊಡಬೇಕು. ಅಲ್ಲಿಯವರೆಗೆ ಮಾಲೀಕ ಬಂದು ಕೂಗಿದರೂ ಗಾಡಿ ಹೊರಡುವಂತಿಲ್ಲ. ಇಡೀ ಯಾರ್ಡಿನಲ್ಲಿ ನಾನು ಕಂಡ ಸುರಕ್ಷತೆಯ ಏರ್ಪಾಡುಗಳಲ್ಲೆಲ್ಲ ಇದಕ್ಕಿಂತ ಒಳ್ಳೆಯದಿಲ್ಲ ಎಂಬುದು ನನ್ನ ನಂಬಿಕೆ. ಇದಕ್ಕೆ ಕಾಸು ಖರ್ಚಿಲ್ಲ. ಗಾಡಿಯನ್ನು ಹೊರಡಿಸುವ ಅಧಿಕಾರ ಅಷ್ಟು ಹೊತ್ತು ಪ್ರಾಣ ಒಡ್ಡಿದವನ ಕೈಯಲ್ಲೇ ಇರುತ್ತದೆ.

ರೈಲ್ವೆಯ ಚರಿತ್ರೆಯಲ್ಲಿ ಇದೇ ನಡುವಿನ ಜಾಗ ಎಷ್ಟು ಜೀವ ತೆಗೆದಿದೆ ಎಂಬುದನ್ನು ನಾವು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬ್ರೇಕ್‌ಮನ್ ಎನ್ನಿಸಿಕೊಂಡ ಕೆಲಸಗಾರರು ಬೋಗಿಗಳ ನಡುವೆ ನಿಂತು ಕೈಯಿಂದಲೇ ಕೊಂಡಿಗೆ ಪಿನ್ನು ಹಾಕುತ್ತಿದ್ದರು. ಬೆರಳು ಇಲ್ಲದ ಕೈ ಕಂಡರೆ ಹಳೆಯ ಕೆಲಸಗಾರನೆಂದು ಗುರುತಿಸುವ ಕಾಲ ಅದು. ಈಲಿ ಜಾನಿ ಎಂಬಾತ 1873ರಲ್ಲಿ ತಾನಾಗಿಯೇ ಹಿಡಿದುಕೊಳ್ಳುವ ಕೊಂಡಿಗೆ ಪೇಟೆಂಟ್ ಪಡೆದ. ಆದರೆ ಕಂಪನಿಗಳು ಖರ್ಚಿನ ನೆಪ ಹೇಳಿ ವರ್ಷಗಟ್ಟಲೆ ಅದನ್ನು ಹಾಕಲಿಲ್ಲ. ಅಯೋವಾದ ಲೊರೆಂಜೊ ಕಾಫಿನ್ ಎಂಬ ರೈತ ಬ್ರೇಕ್‌ಮನ್ನರ ಪಾಡು ನೋಡಲಾರದೆ ಸಭೆ ಸಭೆಗೆ ಹೋಗಿ ಮಾತಾಡಿದ, ಪತ್ರ ಬರೆದ, ಶಾಸನಸಭೆಯ ಬಾಗಿಲು ತಟ್ಟಿದ. ಕೊನೆಗೆ 1893ರ ಮಾರ್ಚಿನಲ್ಲಿ ಸ್ವಯಂಚಾಲಿತ ಕೊಂಡಿ ಮತ್ತು ಗಾಳಿ ಬ್ರೇಕ್ ಕಡ್ಡಾಯ ಮಾಡುವ ಕಾನೂನಿಗೆ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಹಾಕಿದರು. ಬೋಗಿಗಳ ನಡುವೆ ಮನುಷ್ಯನನ್ನು ನಿಲ್ಲಿಸಬೇಡಿ ಎನ್ನುವುದೇ ಆ ಕಾನೂನಿನ ತಿರುಳು.

ಕೊಂಡಿ ಸುಧಾರಿಸಿದರೂ ನಡುವೆ ಹೋಗುವುದು ಪೂರ್ತಿ ತಪ್ಪಿಲ್ಲ. ನಮ್ಮ ಪಕ್ಕದ ಘಾಟಿನಲ್ಲೇ ನೋಡಿ. ಕ್ಯಾಸಲ್‌ರಾಕ್‌ನಿಂದ ಕುಲೆಂಗೆ ಇಳಿಯುವ ದಾರಿಯ ಇಳಿಜಾರು 37ಕ್ಕೆ 1. ರೈಲಿನ ಲೆಕ್ಕದಲ್ಲಿ ಇದು ಬಹಳ ಕಡಿದು. ಪೋರ್ಚುಗೀಸರ ಕಾಲದಲ್ಲಿ, 1888ರಲ್ಲಿ, ಮುರ್ಗಾಂವ್ ಬಂದರಿನಿಂದ ಘಟ್ಟ ಹತ್ತಿಸಿದ ಹಳಿ ಅದು. ಇಂದಿಗೂ ಬಂದರಿನಿಂದ ಕಲ್ಲಿದ್ದಲು ಹೊತ್ತು ಬಳ್ಳಾರಿ ಕಡೆಗೆ ಹೋಗುವ ಗಾಡಿಗಳಿಗೆ ಘಟ್ಟ ಹತ್ತಲು ಹೆಚ್ಚಿನ ಎಂಜಿನ್ ಸೇರಿಸಬೇಕು, ಹತ್ತಿದ ಮೇಲೆ ಬಿಡಿಸಬೇಕು. ಕೊಂಡಿ ತಾನಾಗಿ ಬಿದ್ದರೂ ಗಾಳಿಯ ಪೈಪ್ ಜೋಡಿಸಲು ಕೈಯೇ ಬೇಕು. 2024ರ ನವೆಂಬರ್ 9ರಂದು ಬಿಹಾರದ ಬರೌನಿ ಜಂಕ್ಷನ್‌ನಲ್ಲಿ ಎಂಜಿನ್ ಮತ್ತು ಬೋಗಿಯ ಕೊಂಡಿ ಬಿಡಿಸಲು ಹೋದ ರೈಲ್ವೆ ಕೆಲಸಗಾರನೊಬ್ಬ ಎರಡರ ನಡುವೆ ಸಿಕ್ಕಿ ಸತ್ತ. ಅವನು ಒಳಗಿರುವಾಗಲೇ ಎಂಜಿನ್ ಸರಿದಿತ್ತು. ಲಿಖಿತ ನಿಯಮ, ತರಬೇತಿ, ಮೇಲ್ವಿಚಾರಣೆ ಎಲ್ಲ ಇರುವ ರೈಲ್ವೆಯಲ್ಲೇ ಹೀಗಾಗುವುದಾದರೆ, ಯಾವ ನಿಯಮವನ್ನೂ ಕೇಳದ ನಮ್ಮ ಹುಡುಗನ ಗತಿ ಏನು ಯೋಚಿಸಿ.

ಇನ್ನು ಬಂದರಿನ ದೊಡ್ಡ ಟ್ರೇಲರುಗಳ ಮಾತು. ಇಲ್ಲಿ ಮೂಕಿ ಇಲ್ಲ. ಎಂಜಿನ್ ಗಾಡಿಯ ಬೆನ್ನ ಮೇಲೆ ಗ್ರೀಸ್ ಹಚ್ಚಿದ ದಪ್ಪ ತಟ್ಟೆ ಇರುತ್ತದೆ, ಚಾಲಕರು ಫಿಫ್ತ್ ವೀಲ್ ಎನ್ನುವುದು ಅದನ್ನೇ. ಟ್ರೇಲರಿನ ಅಡಿಯಲ್ಲಿ ಕಿಂಗ್ ಪಿನ್ ಇಳಿಬಿದ್ದಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ ಎರಡು ಇಂಚು. ಹತ್ತಾರು ಟನ್ ಉಕ್ಕಿನ ಸುರುಳಿ ಆ ಎರಡು ಇಂಚಿನ ಭರವಸೆಯ ಮೇಲೆ ಘಾಟು ಇಳಿದು ಬರುತ್ತದೆ. ಎಂಜಿನ್ ಗಾಡಿ ಹಿಂದೆ ಬಂದಾಗ ತಟ್ಟೆಯ ದವಡೆಗಳು ಪಿನ್ನನ್ನು ‘ಖಟಕ್’ ಎಂದು ಹಿಡಿಯುತ್ತವೆ. ಆ ಸದ್ದು ಕೇಳಿದ ಕೂಡಲೇ ‘ಆಯ್ತು, ಹತ್ತು’ ಎನ್ನುವವರು ಬಹಳ. ಆದರೆ ಸದ್ದನ್ನು ನಂಬುವಂತಿಲ್ಲ. ಟ್ರೇಲರಿನ ಮೂತಿ ಬೇಕಾದ್ದಕ್ಕಿಂತ ಎತ್ತರ ಇದ್ದರೆ ಪಿನ್ನು ದವಡೆಯೊಳಗೆ ಪೂರ್ತಿ ಇಳಿಯದೆ ಮೇಲೆಯೇ ಕೂತು ಬಿಡುತ್ತದೆ. ಸದ್ದೂ ಬರುತ್ತದೆ, ಗಾಡಿಯೂ ಹೊರಡುತ್ತದೆ, ಮೊದಲ ತಿರುವಿನಲ್ಲೋ ಮೊದಲ ಉಬ್ಬಿನಲ್ಲೋ ಟ್ರೇಲರ್ ಕಳಚಿಕೊಳ್ಳುತ್ತದೆ.

ಆದ್ದರಿಂದ ಹಿಂದೆ ತೆಗೆಯುವ ಮೊದಲೇ ಇಳಿದು ಎತ್ತರ ನೋಡಬೇಕು. ಹಿಡಿದ ಮೇಲೆ ಟ್ರೇಲರಿನ ಬ್ರೇಕ್ ಹಾಕಿದಂತೆಯೇ ಮೊದಲ ಗೇರಿನಲ್ಲಿ ಮೆಲ್ಲಗೆ ಮುಂದಕ್ಕೆ ಜಗ್ಗಬೇಕು, ಒಮ್ಮೆಗೆ ಸಾಲದು, ಇನ್ನೊಮ್ಮೆ. ಆಮೇಲೆ ಎಂಜಿನ್ ಆರಿಸಿ, ಬ್ಯಾಟರಿ ಹಿಡಿದು ಅಡಿಗೆ ಬಗ್ಗಿ ಕಣ್ಣಾರೆ ನೋಡಬೇಕು. ತಟ್ಟೆಗೂ ಟ್ರೇಲರಿಗೂ ನಡುವೆ ಬೆಳಕು ಕಾಣಬಾರದು. ದವಡೆ ಪಿನ್ನಿನ ಸುತ್ತ ಮುಚ್ಚಿರಬೇಕು. ಬದಿಯ ಹಿಡಿಕೆ ಪೂರ್ತಿ ಒಳಗೆ ಹೋಗಿರಬೇಕು, ಅದರ ಲಾಕ್ ಬಿದ್ದಿರಬೇಕು. ಒಳ್ಳೆಯ ಬ್ಯಾಟರಿ ಕೊಡಿಸದ ಮಾಲೀಕರು ರಾತ್ರಿ ಹೊತ್ತು ಈ ಕೆಲಸವನ್ನು ಮೊಬೈಲ್ ಬೆಳಕಿನಲ್ಲಿ ಮಾಡಿಸುತ್ತಾರೆ. ಕೋಟಿಗಟ್ಟಲೆ ಸರಕು ಸಾಗಿಸುವ ವ್ಯವಹಾರದಲ್ಲಿ ಇದು ನನಗೆ ಸಹಿಸಲಾಗದ ಜಿಪುಣತನ.

ಎಂಜಿನ್ ಗಾಡಿಯಿಂದ ಟ್ರೇಲರಿಗೆ ಎರಡು ಗಾಳಿ ಪೈಪುಗಳು ಹೋಗುತ್ತವೆ, ಕೆಂಪು ಒಂದು, ಹಳದಿ ಒಂದು. ಬ್ರೇಕ್ ತುಳಿದ ಸುದ್ದಿಯನ್ನು ಟ್ರೇಲರಿಗೆ ಮುಟ್ಟಿಸುವುದು ಹಳದಿ. ಟ್ರೇಲರಿನ ಟ್ಯಾಂಕಿಗೆ ಗಾಳಿ ತುಂಬುವುದು ಕೆಂಪು. ಕೆಂಪು ಪೈಪ್ ಕಳಚಿದರೆ ಟ್ರೇಲರಿನ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ. ನಡುದಾರಿಯಲ್ಲಿ ಟ್ರೇಲರ್ ಕಳಚಿಕೊಂಡರೆ ನಿಲ್ಲಲಿ ಎಂದು ಮಾಡಿದ ಏರ್ಪಾಡು ಅದು. ಈ ಒಳ್ಳೆಯ ಏರ್ಪಾಡನ್ನೇ ನಂಬಿ ಕೆಲವರು ಟ್ರೇಲರಿನ ಪಾರ್ಕಿಂಗ್ ಬ್ರೇಕ್ ಹಾಕುವುದನ್ನು ಬಿಟ್ಟುಬಿಡುತ್ತಾರೆ. ಮರುದಿನ ಇನ್ನೊಬ್ಬ ಚಾಲಕ ಬರುತ್ತಾನೆ. ಎಂಜಿನ್ ಗಾಡಿ ಸೇರಿಸುತ್ತಾನೆ, ಅವಸರದಲ್ಲಿ ತನ್ನ ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿಯುತ್ತಾನೆ. ಕ್ಯಾಬಿನ್ನಿನ ಹಿಂದೆ ಹತ್ತಿ ನಿಂತು ಕೆಂಪು ಪೈಪ್ ಸಿಕ್ಕಿಸುತ್ತಾನೆ. ಪೈಪಿನಲ್ಲಿ ಗಾಳಿ ಹರಿದಂತೆ ಇಷ್ಟು ಹೊತ್ತು ಹಿಡಿದಿದ್ದ ಬ್ರೇಕ್ ಬಿಟ್ಟುಕೊಳ್ಳುತ್ತದೆ. ಸ್ಟಿಯರಿಂಗ್ ಮುಂದೆ ಯಾರೂ ಇಲ್ಲದ ಗಾಡಿ ಹೊರಡುತ್ತದೆ. ಅದನ್ನು ಹಿಡಿಯಲೆಂದು ಓಡಿ ಬಾಗಿಲಿಗೆ ಜೋತುಬಿದ್ದವರು, ಗೋಡೆಗೋ ಇನ್ನೊಂದು ಗಾಡಿಗೋ ಸಿಕ್ಕಿ ಸತ್ತವರು ಪ್ರಪಂಚದ ಅನೇಕ ದೇಶಗಳಲ್ಲಿ ಇದ್ದಾರೆ. ಹೊರಟ ಗಾಡಿಯನ್ನು ಹಿಡಿಯಲು ಯಾರೂ ಓಡಬೇಡಿ. ಗಾಡಿ ಹೋದರೆ ಹೋಗಲಿ, ಸುತ್ತಲಿನವರಿಗೆ ಕೂಗಿ ಹೇಳಿ, ನೀವು ಪಕ್ಕಕ್ಕೆ ಸರಿಯಿರಿ. ಕೆಂಪು ಪೈಪ್ ಮುಟ್ಟುವ ಮೊದಲು ಎರಡು ಕಡೆ ನೋಡಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ: ಕ್ಯಾಬಿನ್ನಿನ ಹ್ಯಾಂಡ್‌ಬ್ರೇಕ್ ಎಳೆದಿದೆಯೇ, ಟ್ರೇಲರಿನ ಪಕ್ಕದ ಪಾರ್ಕಿಂಗ್ ಬ್ರೇಕ್ ಹಾಕಿದೆಯೇ. ಹಳೆಯ ಟ್ರೇಲರುಗಳಲ್ಲಿ ಗಾಳಿ ಹೋದರೂ ಹಿಡಿದಿರುವ ಸ್ಪ್ರಿಂಗ್ ಬ್ರೇಕ್ ಇರುವುದಿಲ್ಲ, ಟ್ಯಾಂಕಿನ ಗಾಳಿ ಸೋರಿ ಇಳಿದಂತೆ ಹಿಡಿತವೂ ಸಡಿಲವಾಗುತ್ತದೆ. ಅವಕ್ಕೆ ಗಾಲಿಯ ಅಡೆಯೇ ಗತಿ.

ಬಿಡಿಸುವಾಗ ಮಳೆಗಾಲದ ಗೋವಾದಲ್ಲಿ ನೆಲವನ್ನು ಮೊದಲು ನೋಡಬೇಕು. ವೆರ್ಣಾದ ಕೈಗಾರಿಕಾ ವಸಾಹತಿನ ಅಂಚಿನ ಕೆಂಪು ನೆಲ ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ. ಜುಲೈ ಹೊತ್ತಿಗೆ ಅದೇ ನೆಲ ಕಾಲಿಟ್ಟರೆ ಜಗ್ಗುತ್ತದೆ. ಟ್ರೇಲರಿನ ಮುಂಗಾಲು, ಅಂದರೆ ಇಳಿಸಿ ನಿಲ್ಲಿಸುವ ಆ ಎರಡು ಕಬ್ಬಿಣದ ಕಾಲುಗಳು, ಕಂಟೇನರಿನ ಭಾರಕ್ಕೆ ಮಣ್ಣಿನೊಳಗೆ ಇಳಿಯುತ್ತವೆ. ಒಂದು ಕಾಲು ಹೆಚ್ಚು ಇಳಿದರೆ ಟ್ರೇಲರ್ ಮಗ್ಗುಲಿಗೆ ವಾಲುತ್ತದೆ. ದಪ್ಪ ಹಲಗೆ ಕೊಡದೆ ಕಾಲು ಇಳಿಸಬೇಡಿ. ಕಾಲು ಇಳಿಸಿ, ಪೈಪು ಮತ್ತು ಕರೆಂಟಿನ ವೈರು ಕಳಚಿ, ಹಿಡಿಕೆ ಎಳೆದ ಮೇಲೆ ಒಂದೇ ಉಸಿರಿಗೆ ಗಾಡಿ ತೆಗೆಯಬಾರದು. ಕಿಂಗ್ ಪಿನ್ ಬಿಟ್ಟುಕೊಂಡ ಕೂಡಲೇ, ಎಂಜಿನ್ ಗಾಡಿಯ ಬೆನ್ನು ಇನ್ನೂ ಟ್ರೇಲರಿನ ಅಡಿಯಲ್ಲಿರುವಾಗಲೇ, ನಿಲ್ಲಿಸಿ ಇಳಿದು ನೋಡಿ. ಕಾಲು ಗಟ್ಟಿ ನಿಂತಿವೆಯೇ? ಹೌದಾದರೆ ಮುಂದೆ ಹೋಗಿ. ಕುಸಿದರೂ ಅಷ್ಟರಲ್ಲಿ ಟ್ರೇಲರಿನ ಮೂತಿ ಎಂಜಿನ್ ಗಾಡಿಯ ಮೇಲೆಯೇ ಕೂರುತ್ತದೆ.

ಘಾಟಿನ ಬಗ್ಗೆ ಒಂದು ಬೇಡಿಕೆ. ಅನಮೋಡ ಘಾಟಿನಲ್ಲಿ ಗಾಡಿ ಕೆಟ್ಟು ನಿಂತಾಗ ಗಾಲಿಗೆ ಕಲ್ಲು ಕೊಡುತ್ತೀರಿ, ಅದು ಸರಿ. ಗಾಡಿ ದುರಸ್ತಿಯಾಗಿ ಹೊರಟಾಗ ಆ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋಗಬೇಡಿ. ರಾತ್ರಿ ಮೋಟರ್‌ಸೈಕಲ್ ಮೇಲೆ ಊರಿಗೆ ಹೊರಟ ನಮ್ಮವನೇ ಒಬ್ಬ, ಹಿಂದೆ ಹೆಂಡತಿ, ಮಡಿಲಲ್ಲಿ ಕೂಸು, ಅದೇ ತಿರುವಿಗೆ ಬರುತ್ತಾನೆ.

ಕಂತ್ರಾಟುದಾರರಿಗೂ ಗಾಡಿ ಮಾಲೀಕರಿಗೂ ಕೊನೆಯದಾಗಿ ಎರಡು ಮಾತು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. ಕಾಗದ ಸರಿ ಇಲ್ಲದ ಟ್ರೇಲರಿನಿಂದ ಯಾರಿಗಾದರೂ ಪೆಟ್ಟಾದರೆ ವಿಮೆಯ ಹಣಕ್ಕಾಗಿ ಬಡ ಸಂಸಾರ ಕೋರ್ಟು ಅಲೆಯಬೇಕಾಗುತ್ತದೆ. ಮಿಕ್ಸರಿನ ಮೂಕಿಯ ಮೇಲೆ, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಆಳುಗಳನ್ನು ಕೂರಿಸಿ ಕಳಿಸುವುದನ್ನು ನಿಲ್ಲಿಸಿ, ಅವರಿಗೆ ಬೇರೆ ಗಾಡಿ ಮಾಡಿಕೊಡಿ. ನಿಮ್ಮ ಮಿಕ್ಸರಿನ ಮೂಕಿಗೆ ಕೈಯಿಂದ ತಿರುಗಿಸುವ ಜಾಕ್ ಇಲ್ಲದಿದ್ದರೆ ಮಳೆಗಾಲದಲ್ಲಿ ಕೆಲಸ ನಿಂತು ಮಿಕ್ಸರ್ ಶೆಡ್ಡಿನಲ್ಲಿರುವಾಗ ಬೆಸುಗೆಯವನನ್ನು ಕರೆಸಿ ಹಾಕಿಸಿ. ತುದಿಗೆ ಸಣ್ಣ ಗಾಲಿ ಇರುವ ಜಾಕ್ ಆದರೆ ಇನ್ನೂ ಒಳ್ಳೆಯದು. ಆಗ ಮೂಕಿಯನ್ನು ಯಾರೂ ಕೈಯಲ್ಲಿ ಎತ್ತಿ ಹಿಡಿದು ಗಾಡಿಯ ದಾರಿ ಕಾಯಬೇಕಾಗಿಲ್ಲ. ಎತ್ತರ ಹೊಂದಿಸಿಟ್ಟು ಹುಡುಗ ಪಕ್ಕಕ್ಕೆ ಬಂದು ನಿಲ್ಲಬಹುದು, ಗಾಡಿ ಹಿಂದೆ ಬಂದು ನಿಂತ ಮೇಲೆ ಕೀಲಿಕೈ ತೆಗೆದುಕೊಂಡು ಒಳಗೆ ಹೋಗಬಹುದು. ಜಾಕ್ ಹಾಕಿಸುವಾಗಲೇ ಪಿನ್ನಿನ ತೂತು ಸವೆದಿದೆಯೇ ಎಂದು ಬೆಸುಗೆಯವನಿಗೆ ತೋರಿಸಿ. ಸವೆದಿದ್ದರೆ ಬುಷ್ ಹಾಕಿಸಿ, ಹೊಸ ಪಿನ್ನು ತನ್ನಿ.